ಕೊಯ್ದ ಐದು ಇಂಚು

ನೋಟಿಸು ಬಂದಾಗ ಟೀಚರು ತರಗತಿಯ ನೆಲದ ಮೇಲೆ ಮಂಡಿಯೂರಿ ಕೂತು ಒಬ್ಬ ಪುಟ್ಟ ಹುಡುಗಿಯ ಕಾಲು ಅಳೆಯುತ್ತಿದ್ದರು. ಕೊರಳಲ್ಲಿ ದರ್ಜಿಯ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು, ಪಕ್ಕದಲ್ಲಿ ಬಿಚ್ಚಿಟ್ಟ ನೋಟುಬುಕ್ಕು. ಮೊಣಕಾಲಿನ ಹಿಂದಿನ ಮಡಿಕೆಯಿಂದ ಹಿಮ್ಮಡಿಯವರೆಗೆ ಟೇಪು ಹಿಡಿದು, "ಹನ್ನೊಂದು ಮುಕ್ಕಾಲು. ನೀನು ಮೊದಲನೇ ಸಾಲು ಕಣೇ," ಎಂದರು.

ಶಾಲೆ ಶುರುವಾಗಿ ಮೂರನೇ ದಿನ ಅದು. ಒಂದನೇ ತರಗತಿಗೆ ಬಂದ ಪ್ರತಿ ಮಗುವಿನ ಹೆಸರು ಬರೆದುಕೊಳ್ಳುವ ಮೊದಲು ಕಾಲು ಅಳೆಯುವುದು ಆಕೆಯ ಮೂವತ್ತೊಂದು ವರ್ಷದ ಪದ್ಧತಿ. ಅದಕ್ಕೇ ಬೀದಿಯವರೆಲ್ಲ ಅವರನ್ನು ಅಳತೆ ಟೀಚರು ಎನ್ನುತ್ತಿದ್ದರು. ಮೊದಮೊದಲು ತಾಯಂದಿರು ಮೋಸ ಹೋಗಿದ್ದೂ ಉಂಟು. ಸರ್ಕಾರ ಬೂಟು ಕೊಡುತ್ತದೆ ಎಂದುಕೊಂಡು ತಿಂಗಳುಗಟ್ಟಲೆ ಕಾದು, ಕೊನೆಗೆ ಬಾಗಿಲಿಗೆ ಬಂದು, "ಎಲ್ರೀ ಬೂಟು?" ಎಂದು ಜಗಳಕ್ಕೆ ನಿಂತಿದ್ದರು.

ಹೆಡ್ ಮೇಷ್ಟ್ರು ಬಾಗಿಲಲ್ಲಿ ನಿಂತು ಲಕೋಟೆ ಚಾಚಿದರು.

"ಟೀಚರೇ, ಇದು ನಿಮಗೆ. ನಾನು ಓದಿಲ್ಲ."

"ಓದದೇನೇ ಮುಖ ಬಾಡಿದೆಯಲ್ಲ ಸರ್," ಎಂದು ಟೀಚರು ತೆಗೆದುಕೊಂಡರು. ಲಕೋಟೆಯ ಬಾಯಿ ಆಗಲೇ ತೆರೆದಿತ್ತು.

ಒಳಗೆ ಎರಡು ಹಾಳೆ. ಸರ್ಕಾರಿ ಆಸ್ತಿಯಾದ ಇಪ್ಪತ್ತೆರಡು ಬೆಂಚುಗಳ ಎಂಬತ್ತೆಂಟು ಕಾಲುಗಳನ್ನು ಅನುಮತಿ ಇಲ್ಲದೆ ಕೊಯ್ಯಿಸಿದ್ದೀರಿ, ಕೊಯ್ದ ಮರ ಕಳೆದುಹೋಗಿದೆ ಎಂದು ಮೊದಲನೆಯದರಲ್ಲಿತ್ತು. ಎರಡನೆಯದು ತಪ್ಪೊಪ್ಪಿಗೆ. "ನಾನು ಮಾಡಿದ್ದು ತಪ್ಪು" ಎಂಬ ಸಾಲು, ಅದರ ಕೆಳಗೆ ಸಹಿಗೆ ಖಾಲಿ ಜಾಗ. ಸಹಿ ಹಾಕಿದರೆ ಕೊಯ್ದ ಬೆಂಚುಗಳನ್ನು ಹಾಳಾದ ಸಾಮಾನು ಎಂದು ಬರೆದು ಹೊರಗೆ ಹಾಕಿ, ಸರಿಯಾದ ಎತ್ತರದ ಬೆಂಚು ತಂದಿಡುತ್ತಾರೆ. ಟೀಚರೂ ಇನ್ನು ನಾಲ್ಕು ತಿಂಗಳು ಇದೇ ಕೋಣೆಯಲ್ಲಿ ಪಾಠ ಹೇಳಿ, ಹಾರ ಹಾಕಿಸಿಕೊಂಡು ನಿವೃತ್ತರಾಗಬಹುದು. ಸಹಿ ಇಲ್ಲದೆ ಬೆಂಚು ತೆಗೆಯುವ ಹಾಗಿಲ್ಲ. ಆದರೆ ಟೀಚರನ್ನು ತೆಗೆಯಬಹುದು.

"ಹಾಕ್ಬಿಡಿ ಟೀಚರೇ," ಎಂದರು ಹೆಡ್ ಮೇಷ್ಟ್ರು. "ಒಂದು ಸಹಿ ತಾನೇ."

"ಸರ್, ಈ ಮಗುವಿನ ಕಾಲು ಹನ್ನೊಂದು ಮುಕ್ಕಾಲು. ನಿಮ್ಮ ಬೆಂಚು ಹದಿನೇಳು. ಉಳಿದ ಐದೂ ಕಾಲು ಇಂಚನ್ನ ಇವಳು ಎಲ್ಲಿಂದ ತರಬೇಕು, ಅದನ್ನೂ ಬರೆದಿದ್ದಾರಾ ನೋಡಿ."

ಮೇಷ್ಟ್ರು ನೋಡಲಿಲ್ಲ. ಆ ಮಾತನ್ನು ಅವರು ಎಷ್ಟು ಸಲ ಕೇಳಿದ್ದರೋ. ವರ್ಷಕ್ಕೊಂದರಂತೆ ಟೀಚರು ಮೇಲಿನ ಕಚೇರಿಗೆ ಮೂವತ್ತೊಂದು ಅರ್ಜಿ ಬರೆದಿದ್ದರು. ಎಲ್ಲದರಲ್ಲೂ ಒಂದೇ ಪ್ರಶ್ನೆ: ಯಾವ ಮಗುವನ್ನು ಅಳೆದು ಈ ಬೆಂಚು ಮಾಡಿದಿರಿ? ಮೊದಲನೇ ಅರ್ಜಿಗೆ "ಪರಿಶೀಲಿಸಲಾಗುವುದು" ಎಂದು ಉತ್ತರ ಬಂದಿತ್ತು. ಆಮೇಲೆ ಅದೂ ಇಲ್ಲ.

ಮೊದಲ ಹತ್ತೊಂಬತ್ತು ವರ್ಷ ಟೀಚರು ಮಕ್ಕಳ ಕಾಲ ಕೆಳಗೆ ಇಟ್ಟಿಗೆ ಇಟ್ಟು ನೋಡಿದರು. ಇಟ್ಟಿಗೆ ಉರುಳಿ ಹೆಬ್ಬೆರಳು ಜಜ್ಜಿಹೋಗುತ್ತಿತ್ತು. ಹಲಗೆ ಇಟ್ಟರೆ ಗುಡಿಸುವವಳು ತೆಗೆದು ಒಲೆಗೆ ಹಾಕುತ್ತಿದ್ದಳು. ಹನ್ನೆರಡು ವರ್ಷದ ಕೆಳಗೆ ಒಂದು ರಜೆಯಲ್ಲಿ, ಬಾಗಿಲು ರಿಪೇರಿಗೆ ಬಂದ ಬಡಗಿಯನ್ನು ಕೂರಿಸಿಕೊಂಡು ನೋಟುಬುಕ್ಕು ತೋರಿಸಿದರು. ಅವನ ಮಗಳು ಆ ವರ್ಷ ಶಾಲೆಗೆ ಸೇರಬೇಕಿತ್ತು. ಬಡಗಿ ತಲೆ ಕೆರೆದುಕೊಂಡು, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಟೀಚರೇ. ಇದು ಕಾಲಿದ್ದಷ್ಟು ಬೆಂಚು," ಎಂದು ಗರಗಸ ತೆಗೆದ.

ಡೆಸ್ಕು ಬೆಂಚಿಗೇ ಕೂಡಿಕೊಂಡಿದ್ದರಿಂದ ನಾಲ್ಕು ಕಾಲು ಕೊಯ್ದರೆ ಎರಡೂ ಇಳಿಯುತ್ತಿದ್ದವು. ಇಪ್ಪತ್ತೊಂದು ಬೆಂಚು ಸುಸೂತ್ರ. ಕೊನೆಯದು ಮಾತ್ರ ಕೊಯ್ದ ಮೇಲೆ ಕುಂಟಿತು. ಬಡಗಿ ಒಂದು ಕಾಲು ಉದ್ದವಾಯಿತೆಂದು ಎರಡು ಬೆರಳಿನಷ್ಟು ಮತ್ತೆ ಕೊಯ್ದ. ಆಮೇಲೆ ನೋಡಿದರೆ ತಪ್ಪು ಕಾಲಿನದಲ್ಲ, ನೆಲದ್ದು. ನೀರು ಹೋಗುವ ತೂತಿನ ಕಡೆ ನೆಲವೇ ಇಳಿಜಾರಾಗಿತ್ತು. ಈಗ ಬೆಂಚು ಎಲ್ಲಿಟ್ಟರೂ ಕುಂಟತೊಡಗಿತು. ನಾಚಿಕೆಯಿಂದ ಸರಿ ಮಾಡಲು ಬಂದರೆ ಮಕ್ಕಳು ಬಿಡಲಿಲ್ಲ. ಅದಕ್ಕೆ ಕುದುರೆ ಬೆಂಚು ಎಂದು ಹೆಸರಾಗಿತ್ತು, ಸರದಿಯೂ ಹಚ್ಚಿಯಾಗಿತ್ತು.

ಕೊಯ್ದ ತುಂಡುಗಳನ್ನು ಟೀಚರು ಬಿಸಾಡಲಿಲ್ಲ. ಉಜ್ಜಿ ನುಣುಪು ಮಾಡಿಸಿ ಒಂದು ಪೆಟ್ಟಿಗೆಗೆ ತುಂಬಿದರು. ಆ ತರಗತಿಯ ಲೆಕ್ಕ ಶುರುವಾಗುತ್ತಿದ್ದದ್ದು ಪುಸ್ತಕದ ಮೊದಲನೇ ಪುಟದಿಂದಲ್ಲ, ಆ ತುಂಡುಗಳಿಂದ, ಮಕ್ಕಳ ಕಾಲುಗಳಿಂದ. ಯಾರ ಕಾಲು ಯಾರಿಗಿಂತ ಎಷ್ಟು ಉದ್ದ, ಎಷ್ಟು ತುಂಡು ಪೇರಿಸಿದರೆ ಕಿಟಕಿ ಮುಟ್ಟುತ್ತದೆ, ಬಿದ್ದರೆ ಯಾಕೆ ಬಿತ್ತು. ಮಕ್ಕಳು ಕೇಳುತ್ತಿದ್ದರು, ಟೀಚರು ಅದರ ಹಿಂದೆ ಹೋಗುತ್ತಿದ್ದರು. ಪುಸ್ತಕ ಹೇಗೋ ವರ್ಷದ ಕೊನೆಯೊಳಗೆ ಮುಗಿದೇ ಇರುತ್ತಿತ್ತು. ಎದುರು ಬೀದಿಯ ಹೊಳೆಯುವ ಗೇಟಿನ ಶಾಲೆಯವರು ಎರಡು ಸಲ ಕರೆದಿದ್ದರು. "ನಿಮ್ಮ ಮಕ್ಕಳನ್ನ ಅಳೆಯೋಕೆ ಜನ ಸಿಗ್ತಾರೆ. ಇವರಿಗೆ ಸರ್ಕಾರ ಬಿಟ್ರೆ ಯಾರಿದ್ದಾರೆ? ಆ ಸರ್ಕಾರದ ಕಿವಿ ಹಿಂಡೋಕೆ ನಾನು ಒಳಗೇ ಇರಬೇಕು," ಎಂದು ಟೀಚರು ಹೋಗಲಿಲ್ಲ.

ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದ್ದು ಈಗ ಬಿದ್ದದ್ದು ಒಂದು ಫೋಟೋದಿಂದ. ಮೇಲಿನ ಕಚೇರಿಗೆ ಬಂದ ಹೊಸ ಸಾಹೇಬರು ಎಲ್ಲ ಶಾಲೆಯ ಒಂದನೇ ತರಗತಿಯ ಫೋಟೋ ತರಿಸಿ ಗೋಡೆಗೆ ಸಾಲಾಗಿ ಅಂಟಿಸಿದ್ದರು. ಎಲ್ಲ ಕಡೆ ಮಕ್ಕಳ ತಲೆ ಕರಿಹಲಗೆಯ ಅಂಚಿಗೆ ಸರಿಯಾಗಿ ಬಂದಿತ್ತು. ಈ ಶಾಲೆಯ ಮಕ್ಕಳು ಮಾತ್ರ ಒಂದು ಗೇಣು ಕೆಳಗೆ ಕುಸಿದಿದ್ದರು. ಕುಸಿದಿದ್ದರೂ, ಹಲ್ಲು ಕಾಣುವಂತೆ ನಕ್ಕವರು ಅವರು ಮಾತ್ರ.

*

ಮನೆಯಲ್ಲಿ ಅಕ್ಕ ಹುರುಳಿಕಾಯಿ ಸೋಸುತ್ತಿದ್ದಳು. ಟೀಚರಿಗಿಂತ ಎರಡು ವರ್ಷ ದೊಡ್ಡವಳು, ನಾಲ್ಕು ಬೆರಳು ಕುಳ್ಳಿ. ಗಂಡ ಸತ್ತ ಮೇಲೆ ತಂಗಿಯ ಜೊತೆಗೇ ಇದ್ದಳು. ಎಳವೆಯಲ್ಲಿ ಕಲಿತ ನಾಲ್ಕಕ್ಷರ ಮರೆತಿತ್ತು, ಸಹಿಯ ಜಾಗದಲ್ಲಿ ಹೆಬ್ಬೆಟ್ಟು. ನಾಲಿಗೆ ಮಾತ್ರ ಈಳಿಗೆ.

"ಸಹಿ ಹಾಕು," ಎಂದಳು ಎಲ್ಲ ಕೇಳಿ. "ನಾಲ್ಕು ತಿಂಗಳು ಬಾಯಿ ಮುಚ್ಕೊಂಡಿದ್ರೆ ಹಾರ ಹಾಕಿ ಕಳಿಸ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಹಟ ಎಲ್ಲಿವರೆಗೆ?"

"ನನ್ನ ಮೊಲಕ್ಕೆ ಎಂಬತ್ತೆಂಟು ಕಾಲು ಅಕ್ಕ. ಎಲ್ಲಾನೂ ಕೊಯ್ದಿದ್ದೀನಿ."

"ತಮಾಷೆ ಬೇಡ."

"ನಿನ್ನ ಕಾಲು ಮರೆತೆಯಾ ನೀನು?"

ಅಕ್ಕನ ಕೈ ನಿಂತಿತು. ಇಬ್ಬರೂ ಒಂದೇ ತರಗತಿಯಲ್ಲಿ ಕೂರುತ್ತಿದ್ದ ಕಾಲವೊಂದಿತ್ತು. ಅಕ್ಕನಿಗೆ ಎಂಟು, ತಂಗಿಗೆ ಆರು. ಅಕ್ಕ ಚೂಟಿ, ಮನೆಯಲ್ಲಿ ಮಗ್ಗಿ ಹೇಳಿಕೊಡುತ್ತಿದ್ದವಳೇ ಅವಳು. ಆದರೆ ಕುಳ್ಳಿ. ಬೆಂಚಿನ ಮೇಲೆ ಕೂತರೆ ಕಾಲು ಬಾವಿಗೆ ಇಳಿಬಿಟ್ಟ ಹಗ್ಗದ ಹಾಗೆ ತೂಗುತ್ತಿತ್ತು, ಆಡಿಸಿದರೆ ಮೇಷ್ಟ್ರ ಏಟು. ಒಂದು ಮಧ್ಯಾಹ್ನ ಮೇಷ್ಟ್ರು ಬೋರ್ಡಿಗೆ ಕರೆದರು. ಉತ್ತರ ಗೊತ್ತಿದ್ದ ಹುಡುಗಿ ಖುಷಿಯಿಂದ ಜಿಗಿದಳು, ಮರಗಟ್ಟಿದ ಕಾಲು ಮಡಚಿಕೊಂಡು ಸೀಮೆಸುಣ್ಣದ ಡಬ್ಬಿಯ ಮೇಲೆ ಬಿದ್ದಳು. "ಏನು, ಕುಡಿದು ಬಂದಿದ್ದೀಯಾ?" ಎಂದರು ಮೇಷ್ಟ್ರು. ಇಡೀ ತರಗತಿ ನಕ್ಕಿತು. ನಕ್ಕವರಲ್ಲಿ ತಂಗಿಯೂ ಇದ್ದಳು. ಮಾರನೇ ದಿನದಿಂದ ಅಕ್ಕ ಶಾಲೆಯ ಕಡೆ ತಲೆ ಹಾಕಲಿಲ್ಲ. ಮನೆಯವರೂ ಒತ್ತಾಯ ಮಾಡಲಿಲ್ಲ. ಒಲೆಯ ಮುಂದೆ ಒಂದು ಜೊತೆ ಕೈ ಹೆಚ್ಚಾದರೆ ಯಾರಿಗೆ ಬೇಡ?

"ನನ್ನ ಕಾಲು ನನಗೆ ಚೆನ್ನಾಗೇ ನೆನಪಿದೆ," ಎಂದಳು ಅಕ್ಕ. "ಅದಕ್ಕೇ ಹೇಳ್ತಿರೋದು. ಎಲ್ಲರ ಮುಂದೆ ಬೀಳೋದು ಹೇಗಿರುತ್ತೆ ಅಂತ ನಿನಗೆ ಗೊತ್ತಿಲ್ಲ."

ಟೀಚರು ಬುಟ್ಟಿ ಹತ್ತಿರ ಎಳೆದುಕೊಂಡು ಹುರುಳಿಕಾಯಿ ನಾರು ತೆಗೆಯತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಡಗಿಯ ಮನೆಗೆ ಹೋದರು.

*

ವಿಚಾರಣೆಯ ದಿನ ಸಾಹೇಬರು ಗುಮಾಸ್ತನ ಜೊತೆ ಬಂದರು. ಹೆಡ್ ಮೇಷ್ಟ್ರ ಕೋಣೆಗೆ ಹೊರಟವರನ್ನು ಟೀಚರು ತಡೆದರು.

"ತರಗತಿಗೇ ಬನ್ನಿ ಸರ್. ತಪ್ಪು ನಡೆದಿರೋ ಜಾಗ ಅದು."

ತರಗತಿಯಲ್ಲಿ ಮಕ್ಕಳಿದ್ದರು. ಕಿಟಕಿಯಲ್ಲಿ ಏಳೆಂಟು ತಾಯಂದಿರ ಮುಖ. ಬಡಗಿ ಗೋಡೆಗೆ ಒರಗಿ ನಿಂತಿದ್ದ. ಅಕ್ಕ "ಸುಮ್ಮನೆ ನೋಡೋಕೆ" ಎಂದು ಬಂದವಳು ಕೂರಲು ಜಾಗ ಹುಡುಕಿ ಮೊದಲನೇ ಸಾಲಿನಲ್ಲಿ, ಹನ್ನೊಂದು ಮುಕ್ಕಾಲಿನ ಹುಡುಗಿಯ ಪಕ್ಕ ಕೂತಿದ್ದಳು. ಮೊಣಕಾಲು ಮೇಲೆದ್ದರೂ ಎರಡು ಪಾದವೂ ನೆಲದ ಮೇಲೆ ಊರಿದ್ದವು. ಅವಳು ಅದನ್ನೇ ಆಗಾಗ ಬಗ್ಗಿ ನೋಡಿಕೊಳ್ಳುತ್ತಿದ್ದಳು.

ಕರಿಹಲಗೆಯ ಎದುರು ಮೇಷ್ಟ್ರ ಕೋಣೆಯ ಉದ್ದ ಬೆಂಚು, ಒಂದು ಮೇಜು. ಎರಡಕ್ಕೂ ಬಡಗಿ ಐದೈದು ಇಂಚಿನ ತುಂಡು ಸೇರಿಸಿ ಮೊಳೆ ಹೊಡೆದಿದ್ದ.

"ಏನಿದು, ಇಷ್ಟು ಎತ್ತರ?" ಎಂದರು ಸಾಹೇಬರು.

"ಐದೇ ಇಂಚು ಸರ್. ಕೆಳಗಿರೋದು ನಿಮ್ಮ ಸರ್ಕಾರದ್ದೇ. ಕಳೆದುಹೋಗಿದೆ ಅಂತ ಬರೆದಿದ್ರಲ್ಲ, ಒಂದೂ ಕಳೆದಿಲ್ಲ. ಎಣಿಸ್ಕೊಳ್ಳಿ."

ಗುಮಾಸ್ತ ಎಣಿಸಿದ. ಬೆಂಚಿನ ಕೆಳಗೆ ನಾಲ್ಕು, ಮೇಜಿನ ಕೆಳಗೆ ನಾಲ್ಕು, ಪೆಟ್ಟಿಗೆಯಲ್ಲಿ ಎಂಬತ್ತೊಂದು. ಮತ್ತೆ ಎಣಿಸಿದ.

"ಸರ್, ಎಂಬತ್ತೊಂಬತ್ತಿದೆ. ಒಂದು ಹೆಚ್ಚು."

"ಅದು ನನ್ನ ದಡ್ಡತನ ಸ್ವಾಮಿ," ಎಂದ ಬಡಗಿ. "ನೆಲ ನೋಡದೆ ಕೊಯ್ದೆ. ಸರ್ಕಾರಕ್ಕೆ ಲಾಭ ಅಂತ ಬರ್ಕೊಳ್ಳಿ."

ಸಾಹೇಬರು ನಗಲಿಲ್ಲ. ತಪ್ಪೊಪ್ಪಿಗೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟು, "ಸಹಿ ಹಾಕಿ, ಮುಗಿಸೋಣ," ಎಂದರು.

"ಹಾಕ್ತೀನಿ. ಒಂದು ಪೀರಿಯಡ್ಡು, ನಲವತ್ತು ನಿಮಿಷ, ನೀವು ಈ ಬೆಂಚಿನ ಮೇಲೆ ಮಕ್ಕಳ ಹಾಗೆ ಕೂರಬೇಕು. ಬೆನ್ನು ನೇರ, ಕೈ ಕಟ್ಟಿ, ಕಾಲು ಆಡಿಸದೆ. ಬೆಲ್ಲು ಹೊಡೆದ ಮೇಲೆ ನಾನು ಬೋರ್ಡಿಗೆ ಕರೀತೀನಿ. ಎದ್ದು ಬಂದು ನಿಮ್ಮ ಕಾಗದದ ಕೊನೇ ಸಾಲು ಬರೀಬೇಕು. ಬರೆದ್ರೆ, ಅದರ ಕೆಳಗೇ ನನ್ನ ಸಹಿ."

ಮೊದಲನೇ ಸಾಲಿನಿಂದ ಅಕ್ಕ ಸರಕ್ಕನೆ ತಲೆ ಎತ್ತಿದಳು. ಹೆಡ್ ಮೇಷ್ಟ್ರು ಬಾಗಿಲಲ್ಲೇ ಬೆವರಿದರು. ಸಾಹೇಬರು ಕಿಟಕಿಯ ಕಡೆ ನೋಡಿದರು. ಅಷ್ಟು ಜನ ತಾಯಂದಿರ ಮುಂದೆ ಒಂದು ಬೆಂಚಿಗೆ ಹೆದರಿದರು ಎನ್ನಿಸಿಕೊಳ್ಳಲು ಯಾವ ಸಾಹೇಬರಿಗೆ ಮನಸ್ಸಾದೀತು? ಅವರು ಹತ್ತಿ ಕೂತರು.

ಟೀಚರು ದೋಷಾರೋಪದ ಹಾಳೆ ಹಿಡಿದು, ತಮ್ಮ ಹಳೇ ಮೇಷ್ಟ್ರು ಓದುತ್ತಿದ್ದ ಹಾಗೆ, ಏರಿಲ್ಲದೆ ಇಳಿವಿಲ್ಲದೆ ಓದತೊಡಗಿದರು. ಮುಗಿದರೆ ಮತ್ತೆ ಮೊದಲಿನಿಂದ. ಐದು ನಿಮಿಷ ಸಾಹೇಬರು ಗಂಭೀರವಾಗಿದ್ದರು. ಹತ್ತಕ್ಕೆ ಬೆಂಚಿನ ಅಂಚು ತೊಡೆಯ ಹಿಂಬದಿ ಕೊರೆಯತೊಡಗಿತು. ಇಪ್ಪತ್ತಕ್ಕೆ ಬೂಟುಗಳು ತಾವಾಗಿಯೇ ಆಸರೆ ಹುಡುಕುತ್ತಾ ಹೋದವು.

"ಕಾಲು ಆಡಿಸಬಾರದು ಅಂತ ಟೀಚರು ಹೇಳಿದ್ರಲ್ಲ," ಎಂದಳು ಅಕ್ಕ.

ಬೂಟು ನಿಂತವು. ಟೀಚರು ಓದುತ್ತಲೇ ಇದ್ದರು, ಕಣ್ಣು ಮಾತ್ರ ಸಾಹೇಬರ ಬೆನ್ನಿನ ಮೇಲಿತ್ತು. ಆ ಮನುಷ್ಯ ಹಟವಾದಿ. ಮೂವತ್ತು ನಿಮಿಷಕ್ಕೂ ಬೆನ್ನು ಬಾಗಲಿಲ್ಲ, ಮೂವತ್ತೈದಕ್ಕೂ ಇಲ್ಲ. ಇವರು ಬರೆದುಬಿಟ್ಟರೆ? ಕೊಟ್ಟ ಮಾತಿಗೆ ತಪ್ಪುವುದು ಟೀಚರಿಗೆ ಬಾರದ ವಿದ್ಯೆ. ನಾಳೆ ಈ ಹನ್ನೊಂದು ಮುಕ್ಕಾಲಿನ ಹುಡುಗಿಯನ್ನು ಹದಿನೇಳರ ಮೇಲೆ ಎತ್ತಿ ಕೂರಿಸಬೇಕಾಗುತ್ತದೆ, ತಮ್ಮ ಕೈಯಾರೆ.

ಬೆಲ್ಲು ಹೊಡೆಯಿತು.

"ಬನ್ನಿ, ಬೋರ್ಡಿಗೆ," ಎಂದರು ಟೀಚರು.

ಸಾಹೇಬರು ಗೆದ್ದ ಮುಖದಲ್ಲೇ ಇಳಿದರು. ಎಡಗಾಲು ನೆಲ ಮುಟ್ಟಿತು. ಬಲಗಾಲು ಅವರದಾಗಿರಲಿಲ್ಲ. ಅದು ಮಡಚಿಕೊಂಡಿತು, ಕೈ ಗಾಳಿಯಲ್ಲಿ ಹುಡುಕಿತು. ಯಾರೂ ಏಳುವ ಮೊದಲೇ ಅಕ್ಕ ಎದ್ದು ಅವರ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ತಡೀರಿ. ಹೆಜ್ಜೆ ಇಡಬೇಡಿ. ಮೊದಲು ಹೆಬ್ಬೆರಳು ಒತ್ತಿ, ಆಮೇಲೆ ಹಿಮ್ಮಡಿ. ಇರುವೆ ಹರಿದ ಹಾಗೆ ಆಗುತ್ತೆ, ಆಗ್ಲಿ. ನನ್ನ ಮೇಲೆ ಭಾರ ಬಿಡಿ, ನಾನು ಬೀಳಲ್ಲ."

ಮಕ್ಕಳು ನಗಲಿಲ್ಲ. ಬಿದ್ದವರನ್ನು ನೋಡಿ ನಗುವ ಹಾಗಿಲ್ಲ ಎನ್ನುವುದು ಆ ತರಗತಿಯಲ್ಲಿ ಅಳತೆಯಷ್ಟೇ ಹಳೆಯ ನಿಯಮ. ನಕ್ಕವನು ಒಬ್ಬನೇ, ಗುಮಾಸ್ತ. ಅವನೂ ಕೆಮ್ಮಿ ಮುಚ್ಚಿಕೊಂಡ. ಹನ್ನೊಂದು ಮುಕ್ಕಾಲಿನ ಹುಡುಗಿ ಪೆಟ್ಟಿಗೆಯಿಂದ ಒಂದು ತುಂಡು ತಂದು ಸಾಹೇಬರ ಕಾಲ ಬಳಿ ಇಟ್ಟು, "ಇದರ ಮೇಲೆ ಇಟ್ಕೊಳ್ಳಿ," ಎಂದಳು.

ಸಾಹೇಬರು ಅಕ್ಕನ ಭುಜ ಹಿಡಿದೇ ಬೋರ್ಡಿನವರೆಗೆ ಹೋದರು. ಸೀಮೆಸುಣ್ಣ ಕೈಗೆತ್ತಿಕೊಂಡು, "ನಾನು ಮಾಡಿದ್ದು ತಪ್ಪು" ಎಂದು ತಮ್ಮ ಕೈಯಲ್ಲೇ ಬರೆಯಬೇಕು ಎನ್ನುವುದು ಆಗ ಹೊಳೆದು, ಹಾಗೇ ಕೆಳಗಿಟ್ಟರು.

"ಇದು ವಿಚಾರಣೆ ಅಲ್ಲ. ನಾಟಕ."

"ಹೌದು ಸರ್. ನೀವು ನಲವತ್ತು ನಿಮಿಷ ಆಡಿದ್ರಿ. ಎಲ್ಲಾ ಸರ್ಕಾರಿ ಶಾಲೆ ಮಕ್ಕಳು ದಿನಾ ಆರು ಗಂಟೆ ಆಡ್ತಾರೆ. ಬರೆಯೋಕೆ ಬಾರದವರು ದಡ್ಡರು ಅಂತ ನಾವೇ ಷರಾ ಬರೀತೀವಿ. ಈಗ ಹೇಳಿ, ಯಾವ ಮಗುವನ್ನ ಅಳೆದು ಆ ಬೆಂಚು ಮಾಡಿದಿರಿ?"

"ನನಗೇನು ಗೊತ್ತು? ಅಳತೆ ಮೇಲಿಂದ ಬಂದಿದ್ದು."

"ಮೇಲೆ ಅಂದ್ರೆ ಎಲ್ಲಿ?"

"ರೆಕಾರ್ಡು ಕೋಣೇಲಿ ಇರುತ್ತೆ, ಹೋಗಿ ಹುಡುಕ್ಕೊಳ್ಳಿ," ಎಂದು ಸಾಹೇಬರು ಸಹಿ ಇಲ್ಲದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಟರು. ಗೇಟಿನವರೆಗೂ ಸ್ವಲ್ಪ ಕುಂಟುತ್ತಿದ್ದರು.

*

ಹದಿನೈದು ದಿನಕ್ಕೆ ಆದೇಶ ಬಂತು. ಬೆಂಚಿನ ಮಾತೇ ಅದರಲ್ಲಿರಲಿಲ್ಲ. ಸಹಿ ಇಲ್ಲದ ಮೇಲೆ ಅವನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಟೀಚರನ್ನು ಮಾತ್ರ ಅವಿಧೇಯತೆಗಾಗಿ ತರಗತಿಯಿಂದ ತೆಗೆದು, ಉಳಿದ ಅವಧಿಗೆ ದೊಡ್ಡ ಕಚೇರಿಯ ರೆಕಾರ್ಡು ಕೋಣೆಗೆ ಹಾಕಿದ್ದರು. ಸಾಹೇಬರು ಶಿಕ್ಷೆ ಎಂದೇ ಬರೆದರೋ, ಅವತ್ತು ಬಾಯಿಗೆ ಬಂದ ಮಾತು ನೆನಪಿಟ್ಟುಕೊಂಡು ಬರೆದರೋ, ಅದು ಅವರಿಗೇ ಗೊತ್ತು.

ಹೊರಡುವ ದಿನ ಟೀಚರು ಟೇಪನ್ನು ಕೊರಳಿಂದ ತೆಗೆದು, ಬದಲಿಗೆ ಬಂದ ಚಿಕ್ಕ ವಯಸ್ಸಿನ ಟೀಚರ ಕೊರಳಿಗೆ ಹಾಕಿದರು. "ತಿಂಗಳಿಗೊಂದು ಸಲ ಅಳೀಬೇಕಮ್ಮ. ಮಕ್ಕಳು ಬೆಳೀತವೆ, ಬೆಂಚು ಬೆಳೆಯಲ್ಲ," ಎಂದರು. ಹಾರ ಯಾರೂ ಹಾಕಲಿಲ್ಲ. ತಿರುಗಿ ನೋಡದೆ ನಡೆದರು. ನೋಡಿದ್ದರೆ ಕಾಲು ಏಳುತ್ತಿರಲಿಲ್ಲ.

ರೆಕಾರ್ಡು ಕೋಣೆಯಲ್ಲಿ ಸೂರಿನವರೆಗೆ ಕಟ್ಟುಗಳು, ಇಲಿಯ ಹಿಕ್ಕೆ, ಒಂದು ಬಲ್ಬು. ಮಾತಿಗೆ ಒಂದು ನರಪಿಳ್ಳೆಯೂ ಇಲ್ಲ. ಮೊದಲ ಎರಡು ವಾರ ಟೀಚರಿಗೆ ಮಕ್ಕಳ ಗಲಾಟೆ ಇಲ್ಲದೆ ಕಿವಿ ನೋಯುತ್ತಿತ್ತು. ಮೂರನೇ ವಾರ, ಕೆಳಗಿನ ಕಪಾಟಿನ ಹಿಂದೆ ಬಿದ್ದಿದ್ದ ಒಂದು ಕಟ್ಟು ಬಿಚ್ಚಿದಾಗ ಆ ನಕ್ಷೆ ಸಿಕ್ಕಿತು. ಬೆಂಚಿನ ಚಿತ್ರ, ಪಕ್ಕದಲ್ಲಿ ಹದಿನೇಳು ಇಂಚು ಎಂಬ ಬರಹ. ಮೇಲೆ ತಲೆಬರಹ: "ನ್ಯಾಯಾಲಯದಲ್ಲಿ ಸಾಕ್ಷಿಗಳು ಕಾಯುವ ಬೆಂಚು." ಅದರ ಅಂಚಿನಲ್ಲಿ ಯಾರೋ ಕೆಂಪು ಶಾಯಿಯಲ್ಲಿ ಗೀಚಿದ್ದರು: "ಶಾಲೆಗಳಿಗೂ ಇದೇ ಸಾಕು."

ಅಷ್ಟೇ. ಯಾವ ಮಗುವನ್ನೂ ಯಾರೂ ಅಳೆದಿರಲಿಲ್ಲ.

ಟೀಚರು ಧೂಳಿನ ಮೇಲೇ ಕೂತು ನಕ್ಕರು. ಮೂವತ್ತೊಂದು ಅರ್ಜಿಗೆ ಉತ್ತರ ಮೂರು ಪದ. ಆಮೇಲೆ ಕಣ್ಣೊರೆಸಿಕೊಂಡು, ಬಿಳಿ ಹಾಳೆ ತೆಗೆದುಕೊಂಡು ನಕ್ಷೆಯ ನಕಲು ಮಾಡತೊಡಗಿದರು, ಕೆಂಪು ಶಾಯಿಯ ಸಾಲನ್ನೂ ಸೇರಿಸಿ. ರೆಕಾರ್ಡು ಕೋಣೆಯಲ್ಲಿ ಕೂತವರ ಕೆಲಸವೇ ನಕಲು ಮಾಡಿ ಕಳಿಸುವುದು. ಮಾಡಬೇಡ ಎಂದು ಯಾವ ಆದೇಶದಲ್ಲೂ ಇರಲಿಲ್ಲ. ಆ ಕಚೇರಿಯ ಕೆಳಗೆ ಇನ್ನೂರ ಹನ್ನೆರಡು ಶಾಲೆ. ಮೊದಲನೇ ನಕಲನ್ನು ಸಾಹೇಬರ ಮೇಜಿನ ಮೇಲಿಟ್ಟು ಬಂದರು. ಅವರು ಕರೆಸಲೂ ಇಲ್ಲ, ಬೈಯಲೂ ಇಲ್ಲ.

ಸಂಜೆ ಮನೆಯಲ್ಲಿ ಅಕ್ಕ ಕಾಗದದ ಪಟ್ಟಿ ಕತ್ತರಿಸಿ, ಹಳೇ ಟೇಪೊಂದನ್ನು ಪಕ್ಕಕ್ಕಿಟ್ಟುಕೊಂಡು ಇಂಚಿಗೊಂದು ಗೆರೆ ಹಾಕುತ್ತಿದ್ದಳು. ಅಕ್ಷರ ಬಾರದವಳ ಗೆರೆಗಳು ಕೂದಲೆಳೆಯಷ್ಟೂ ಆಚೀಚೆ ಹೋಗುತ್ತಿರಲಿಲ್ಲ. ಪ್ರತಿ ಲಕೋಟೆಗೂ ಒಂದು ನಕ್ಷೆ, ಒಂದು ಕಾಗದದ ಟೇಪು, ಟೀಚರ ಕೈಬರಹದ ಒಂದು ಸಾಲು: ನಿಮ್ಮ ಮಗುವನ್ನು ಅಳೆದು ನೋಡಿ.

"ಇದಕ್ಕೂ ನೋಟಿಸು ಕೊಡ್ತಾರೆ ನೋಡು," ಎಂದಳು ಅಕ್ಕ, ಅಂಟು ಸವರುತ್ತಾ.

"ಕೊಡ್ಲಿ. ಅದನ್ನೂ ಜೋಡಿಸಿಡೋಳು ನಾನೇ ತಾನೇ."

ಒಂದು ತಿಂಗಳ ಮೇಲೆ ಬಡಗಿ ಬಾಗಿಲಿಗೆ ಬಂದು ನಿಂತ. ಮೂರು ಶಾಲೆಯವರು ಹೇಳಿ ಕಳಿಸಿದ್ದರಂತೆ, ರಜೆಯಲ್ಲಿ ಬಾ, ಸದ್ದು ಮಾಡಬೇಡ ಎಂದು.

"ಸದ್ದು ಮಾಡದೆ ಗರಗಸ ಹೇಗೆ ಎಳೆಯೋದು ಟೀಚರೇ?"

"ಸದ್ದು ಮಾಡೇ ಎಳಿ," ಎಂದರು ಟೀಚರು. "ರಜೆಗೆ ಯಾಕೆ ಕಾಯ್ತೀಯ? ನಾಳೇನೇ ಹೋಗು. ಹಾಡುಹಗಲಲ್ಲಿ, ಮಕ್ಕಳ ಮುಂದೆ."

ಒಳಗಿನಿಂದ ಅಕ್ಕ ಕೂಗಿದಳು: "ಈ ಸಲ ಮೊದಲು ನೆಲ ನೋಡ್ಕೊಂಡು ಕೊಯ್ಯಪ್ಪ."